ಕಬ್ಬಿಣದ ಡ್ರಿಪ್ ಹಾಕಿಸಿಕೊಳ್ಳಲು ಹೊರಟವರಿಗೆ

ಆಸ್ಪತ್ರೆಗೆ ಹೋಗಿ ಬಂದವರು ‘ರಕ್ತ ಕಡಿಮೆಯಂತೆ, ಬಾಟಲಿ ಹಾಕಬೇಕಂತೆ’ ಎಂದರೆ ನಮ್ಮ ಕಡೆ ಕೆಲವರು ಅದನ್ನು ರಕ್ತ ಕೊಡುವುದೆಂದೂ ಇನ್ನು ಕೆಲವರು ಗ್ಲೂಕೋಸ್ ಹಾಕುವುದೆಂದೂ ತಿಳಿಯುತ್ತಾರೆ. ಅದು ಎರಡೂ ಅಲ್ಲ. ಸಕ್ಕರೆಯ ಜಾತಿಯ ಪದಾರ್ಥದ ಹೊದಿಕೆಯೊಳಗೆ ಕಬ್ಬಿಣವನ್ನು ಹಿಡಿದಿಟ್ಟಿರುವ ಔಷಧವನ್ನು ಸಲೈನಿನಲ್ಲಿ ಬೆರೆಸಿ ರಕ್ತನಾಳದೊಳಕ್ಕೆ ನಿಧಾನವಾಗಿ ಹರಿಸುವುದೇ ಕಬ್ಬಿಣದ ಡ್ರಿಪ್. ಆ ಕಬ್ಬಿಣವನ್ನು ಬಳಸಿ ರಕ್ತ ತಯಾರಿಸುವ ಕೆಲಸವನ್ನು ಆಮೇಲೆ ನಮ್ಮ ಎಲುಬಿನ ಮಜ್ಜೆಯೇ ಮಾಡಬೇಕು. ರಕ್ತ ಕೊಟ್ಟರೆ ಮರುದಿನವೇ ಏರುವ ಹಿಮೋಗ್ಲೋಬಿನ್ ಇಲ್ಲಿ ಏರಲು ವಾರಗಳು ಹಿಡಿಯುವುದು ಇದೇ ಕಾರಣಕ್ಕೆ.

ಪುತ್ತೂರು ತಾಲೂಕಿನಿಂದ ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಗೆ ಬಂದ ನಾನು ಈ ಡ್ರಿಪ್ಪನ್ನು ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ, ಎರಡು ಬೇರೆ ಬೇರೆ ಕಡೆಗಳಲ್ಲಿ ಹಾಕಿಸಿಕೊಂಡಿದ್ದೇನೆ. ಮೊದಲ ಬಾರಿ ಮಾಡಿಕೊಂಡ ತಪ್ಪಿನ ಗುರುತು ಈಗಲೂ ಎಡಗೈಯಲ್ಲಿದೆ. ಅದರ ಕತೆ ಮುಂದೆ ಬರುತ್ತದೆ. ನಾನು ವೈದ್ಯೆಯಲ್ಲ. ಯಾವ ಔಷಧ, ಎಷ್ಟು, ಯಾವಾಗ ಎಂಬುದನ್ನು ನಿಶ್ಚಯಿಸುವವರು ವೈದ್ಯರು. ಅವರಲ್ಲಿ ಏನನ್ನು ಕೇಳಬೇಕು ಮತ್ತು ಕುರ್ಚಿಯಲ್ಲಿ ಕುಳಿತಾಗ ಏನನ್ನು ಗಮನಿಸುತ್ತಿರಬೇಕು ಎಂಬುದಷ್ಟೇ ಇಲ್ಲಿರುವುದು.

ಮೊದಲನೆಯದಾಗಿ, ಡ್ರಿಪ್ ಬೇಕೇ ಎಂಬುದನ್ನು ಹಿಮೋಗ್ಲೋಬಿನ್ ಒಂದನ್ನೇ ನೋಡಿ ತೀರ್ಮಾನಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಗರ್ಭಿಣಿಯಲ್ಲದ ಮಹಿಳೆಗೆ 12, ಗರ್ಭಿಣಿಗೆ 11, ಪುರುಷರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2023ರಲ್ಲಿ ಕೇರಳ ಸರ್ಕಾರವು ‘ವಿವಾ ಕೇರಳಂ’ ಎಂಬ ಅಭಿಯಾನ ಆರಂಭಿಸಿ 15ರಿಂದ 59 ವರ್ಷದೊಳಗಿನ ಮಹಿಳೆಯರ ಹಿಮೋಗ್ಲೋಬಿನ್ ಪರೀಕ್ಷೆಗೆ ಮುಂದಾದಾಗ ನಮ್ಮ ವಾರ್ಡಿನ ಹಲವರಿಗೆ ತಮ್ಮ ಸಂಖ್ಯೆ ಗೊತ್ತಾದದ್ದೇ ಮೊದಲ ಸಲ. ಆದರೆ ಈ ಸಂಖ್ಯೆ ರಕ್ತ ಕಡಿಮೆಯಿದೆ ಎಂದು ಹೇಳುತ್ತದೆಯೇ ಹೊರತು ಕಡಿಮೆಯಾದದ್ದು ಕಬ್ಬಿಣದಿಂದಲೇ ಎಂದು ಹೇಳುವುದಿಲ್ಲ. ಅದಕ್ಕೆ ಫೆರಿಟಿನ್ ಎಂಬ ಪರೀಕ್ಷೆ ಬೇಕು. ಫೆರಿಟಿನ್ ಎಂದರೆ ದೇಹದ ಕಣಜದಲ್ಲಿರುವ ಕಬ್ಬಿಣದ ಅಳತೆ. ಅದು 30ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆಯೆಂದೇ ವೈದ್ಯರು ಭಾವಿಸುತ್ತಾರೆ. ಜ್ವರವೋ ಸಂಧಿವಾತದಂಥ ಉರಿಯೂತವೋ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆಯೆಂಬ ಅಳತೆ, ಶೇಕಡಾ 20ಕ್ಕಿಂತ ಕಡಿಮೆಯಿದೆಯೇ ಎಂದು ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಟ್ಟಿನಿಂದಲೇ ಬರುವ ಥಲಸೇಮಿಯಾ ಎಂಬ ರಕ್ತದ ಕಾಯಿಲೆಯ ಲಘು ರೂಪ ಇರುವವರಲ್ಲಿಯೂ ಹಿಮೋಗ್ಲೋಬಿನ್ ಕಡಿಮೆಯಿದ್ದು ರಕ್ತಕಣಗಳು ಸಣ್ಣದಾಗಿರುತ್ತವೆ, ಅಂದರೆ ವರದಿಯ ಎಂಸಿವಿ ಎಂಬ ಸಾಲಿನಲ್ಲಿ ಸಂಖ್ಯೆ ಇಳಿದಿರುತ್ತದೆ. ಅಂಥವರ ಕಣಜ ತುಂಬಿದ್ದರೆ ಮತ್ತೆ ಕಬ್ಬಿಣ ಸುರಿಯುವುದರಿಂದ ಉಪಕಾರವಿಲ್ಲ, ಅಪಕಾರವಿದೆ. ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿಯೇ ಇಲ್ಲವೆಂಬುದನ್ನು ನೆನಪಿಡಬೇಕು. ಆದುದರಿಂದ ಫೆರಿಟಿನ್ ನೋಡದೆ ಡ್ರಿಪ್ ಬರೆದುಕೊಟ್ಟರೆ ‘ಡಾಕ್ಟ್ರೇ, ಫೆರಿಟಿನ್ ಒಮ್ಮೆ ನೋಡಬಹುದೇ’ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಮಾತ್ರೆ ಸಾಕಾಗುವವರಿಗೆ ಮಾತ್ರೆಯೇ ಸರಿ. ದಿನಕ್ಕೆ ಎರಡು ಮೂರು ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಂಡು ಬಿಟ್ಟವರು ‘ಮಾತ್ರೆ ನನಗೆ ಆಗುವುದಿಲ್ಲ’ ಎನ್ನುವುದುಂಟು. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಕರುಳಿನ ಬಾಗಿಲನ್ನು ಒಂದು ದಿನದ ಮಟ್ಟಿಗೆ ಅರ್ಧ ಮುಚ್ಚುವುದರಿಂದ, ದಿನ ಬಿಟ್ಟು ದಿನ ಒಂದೇ ಮಾತ್ರೆ ಕೊಡುವ ಕ್ರಮವೂ ಈಗ ಇದೆ. ಅದನ್ನೂ ತಾಳಲಾಗದಿದ್ದರೆ, ತಿಂಗಳುಗಟ್ಟಲೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ, ಕರುಳಿನ ಕಾಯಿಲೆಯಿಂದ ಕಬ್ಬಿಣ ಹೀರಿಕೆಯಾಗದಿದ್ದರೆ, ಮುಟ್ಟಿನ ರಕ್ತಸ್ರಾವ ಮಾತ್ರೆಯ ವೇಗವನ್ನು ಮೀರಿದ್ದರೆ, ಮೂತ್ರಪಿಂಡದ ಕಾಯಿಲೆಯಿದ್ದರೆ, ಅಥವಾ ಹೆರಿಗೆ ಇಲ್ಲವೇ ಶಸ್ತ್ರಚಿಕಿತ್ಸೆ ಹತ್ತಿರವಿದ್ದು ಕಾಯುವಷ್ಟು ದಿನಗಳಿಲ್ಲದಿದ್ದರೆ ಡ್ರಿಪ್ಪಿಗೆ ಅರ್ಥವಿದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ.

ಕಬ್ಬಿಣ ಎಲ್ಲಿ ಸೋರುತ್ತಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಡ್ರಿಪ್ ಮಾತ್ರ ಹಾಕಿಸಿಕೊಂಡರೆ ತೂತು ಕೊಡಪಾನಕ್ಕೆ ನೀರು ಹೊಯ್ದಂತೆ. ಮುಟ್ಟಿನಲ್ಲಿ ಎಷ್ಟು ದಿನ, ಎಷ್ಟು ಪ್ಯಾಡ್, ಗಡ್ಡೆ ಹೋಗುತ್ತದೆಯೇ ಎಂಬುದನ್ನು ಮನೆಯ ಗಂಡಸರನ್ನು ಹೊರಗೆ ಕಳುಹಿಸಿಯಾದರೂ ವೈದ್ಯರಿಗೆ ಹೇಳಬೇಕು. ಮೂಲವ್ಯಾಧಿಯ ರಕ್ತವನ್ನೂ, ನೋವಿಗೆಂದು ದಿನಾ ನುಂಗುವ ಮಾತ್ರೆಯನ್ನೂ ಮುಚ್ಚಿಡಬಾರದು. ಬರಿಗಾಲಲ್ಲಿ ಅಡಿಕೆ ತೋಟದ ತೇವದ ಮಣ್ಣು ತುಳಿಯುವ ನಮಗೆ ಕೊಕ್ಕೆಹುಳು ದೂರದ ಸಂಗತಿಯಲ್ಲ. ಅದರ ಮರಿಹುಳುಗಳು ಪಾದದ ಚರ್ಮದ ಮೂಲಕವೇ ಒಳಹೊಕ್ಕು ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯ ಬಗ್ಗೆ ಕೇಳಿನೋಡಿ. ಇನ್ನು ಪುರುಷರಲ್ಲಿ ಮತ್ತು ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ ಮತ್ತು ಕರುಳಿನ ಎಂಡೋಸ್ಕೋಪಿ ಪರೀಕ್ಷೆಯನ್ನು ಮುಂದೂಡುವುದು ಅಪಾಯ, ಏಕೆಂದರೆ ಕರುಳಿನ ಕ್ಯಾನ್ಸರಿನ ಮೊದಲ ಸೂಚನೆ ಕೆಲವೊಮ್ಮೆ ಈ ರಕ್ತಹೀನತೆಯೇ ಆಗಿರುತ್ತದೆ.

ಔಷಧದಲ್ಲಿ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ: ಐರನ್ ಸುಕ್ರೋಸ್ ಮತ್ತು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್. ಎರಡನೆಯದನ್ನು ಚೀಟಿಯಲ್ಲಿ ಎಫ್‌ಸಿಎಂ ಎಂದು ಬರೆಯುತ್ತಾರೆ. ಎಷ್ಟು ಬೇಕೆಂಬುದಕ್ಕೆ ಒಂದು ಹಳೆಯ ಸೂತ್ರವಿದೆ. ತಲುಪಬೇಕಾದ ಹಿಮೋಗ್ಲೋಬಿನ್‌ನಿಂದ ಈಗಿನದನ್ನು ಕಳೆದು, ಬಂದದ್ದನ್ನು ದೇಹದ ತೂಕದಿಂದಲೂ 2.4ರಿಂದಲೂ ಗುಣಿಸಿ, ಕಣಜಕ್ಕೆಂದು 500 ಸೇರಿಸಬೇಕು. 50 ಕಿಲೋ ತೂಕದ, ಹಿಮೋಗ್ಲೋಬಿನ್ 8 ಇರುವ ಮಹಿಳೆಯನ್ನು 15ಕ್ಕೆ ತರಬೇಕೆಂದರೆ 840ಕ್ಕೆ 500 ಸೇರಿ 1340 ಮಿಲಿಗ್ರಾಂ ಆಗುತ್ತದೆ. ಐರನ್ ಸುಕ್ರೋಸನ್ನು ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂನಂತೆ, ವಾರಕ್ಕೆ ಹೆಚ್ಚೆಂದರೆ ಮೂರು ಸಲ ಕೊಡುವುದರಿಂದ ಆಕೆ ಏಳು ಸಲ ಹೋಗಬೇಕು. ಎಫ್‌ಸಿಎಂ ಆದರೆ ಒಂದು ವಾರದಲ್ಲಿ 1000 ಮಿಲಿಗ್ರಾಂವರೆಗೆ ಕೊಡಬಹುದು. ಎರಡು ಭೇಟಿಯಲ್ಲಿ ಮುಗಿಯುತ್ತದೆ. ಸುಕ್ರೋಸಿನ ಬೆಲೆ ಕಡಿಮೆ ನಿಜ, ಆದರೆ ಎಣ್ಮಕಜೆಯ ಒಳಭಾಗದಿಂದಲೋ ಪೈವಳಿಕೆಯ ಗುಡ್ಡದ ಮೇಲಿನಿಂದಲೋ ಏಳು ಸಲ ಜೀಪು, ಬಸ್ಸು ಹಿಡಿದು ಬರುವವರು ಕೂಲಿ ತಪ್ಪಿದ ದಿನಗಳನ್ನೂ ಜೊತೆಗೆ ಬರುವವರ ದಿನಗಳನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಯಾವುದು ಅಗ್ಗವೆಂದು ತೀರ್ಮಾನಿಸಲಿ. ನಾಲ್ಕನೆಯ ಡ್ರಿಪ್ಪಿಗೆ ನಿಲ್ಲಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ಅರ್ಧ ತುಂಬಿದ ಕಣಜ ಬೇಗ ಬರಿದಾಗುತ್ತದೆ. ಎಫ್‌ಸಿಎಂಗೂ ಅದರದೇ ಒಂದು ದೋಷವಿದೆ. ಅದು ಕೆಲವರಲ್ಲಿ ರಕ್ತದ ಫಾಸ್ಫೇಟನ್ನು ಇಳಿಸುತ್ತದೆ. ಮತ್ತೆ ಮತ್ತೆ ಹಾಕಿಸಿಕೊಳ್ಳುವವರಲ್ಲಿ ಎಲುಬು ನೋವು, ಸ್ನಾಯುಗಳ ನಿಶ್ಶಕ್ತಿ ಕಾಣಿಸಿದರೆ ಫಾಸ್ಫೇಟ್ ಪರೀಕ್ಷೆ ಮಾಡಿಸಬೇಕು.

ಹೊರಡುವ ಮುನ್ನ ಕೆಲವು ಮಾತುಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು: ಹಿಂದೆ ಕಬ್ಬಿಣದ ಚುಚ್ಚುಮದ್ದಿನಿಂದ ತೊಂದರೆಯಾಗಿದ್ದರೆ ಅದು, ಯಾವುದೇ ಔಷಧದ ಅಲರ್ಜಿ, ಆಸ್ತಮಾ, ಇಸುಬು, ಸಂಧಿವಾತ ಅಥವಾ ಲೂಪಸ್, ಪಿತ್ತಜನಕಾಂಗದ ಕಾಯಿಲೆ, ಮುಟ್ಟು ತಪ್ಪಿರುವ ಸಂಶಯ. ಆ ದಿನ ಜ್ವರವಿದ್ದರೆ ಅಥವಾ ದೇಹದಲ್ಲೆಲ್ಲಾದರೂ ಸೋಂಕಿದ್ದರೆ ಡ್ರಿಪ್ ಮುಂದೂಡುತ್ತಾರೆ. ಹಿರಿಯರು ಸೊಂಟಕ್ಕೆ ಚುಚ್ಚುತ್ತಿದ್ದ ಕಬ್ಬಿಣದ ಇಂಜೆಕ್ಷನಿನ ನೋವನ್ನೂ ಐರನ್ ಡೆಕ್ಸ್‌ಟ್ರಾನ್ ಎಂಬ ಹಳೆಯ ಔಷಧದ ಭಯವನ್ನೂ ಹೇಳಿ ಹೆದರಿಸಬಹುದು. ಈಗಿನ ಔಷಧಗಳು ಅದಕ್ಕಿಂತ ಬಹಳ ಸುರಕ್ಷಿತ. ಆದರೂ ಉಸಿರುಗಟ್ಟುವಂಥ ತೀವ್ರ ಅಲರ್ಜಿ ಅತಿ ವಿರಳವಾಗಿಯಾದರೂ ಆಗುವ ಸಾಧ್ಯತೆ ಇರುವುದರಿಂದ, ಆಮ್ಲಜನಕ, ಅಡ್ರಿನಲಿನ್ ಮತ್ತು ಅವನ್ನು ಬಳಸಬಲ್ಲವರು ಇಲ್ಲದ ಕಡೆ ಇದನ್ನು ಹಾಕಿಸಿಕೊಳ್ಳಬಾರದು. ಮನೆಗೆ ಬಂದು ಡ್ರಿಪ್ ಹಾಕಿ ಹೋಗುತ್ತೇವೆ ಎನ್ನುವವರಿಗೆ ಕೈಮುಗಿದು ಬೇಡವೆನ್ನಿ.

ಆ ದಿನ ಉಪವಾಸವಿರಬೇಕಾಗಿಲ್ಲ. ಬೆಳಗ್ಗೆ ಗಂಜಿಯನ್ನೋ ದೋಸೆಯನ್ನೋ ಹೊಟ್ಟೆ ತುಂಬ ತಿಂದು, ಎರಡು ಲೋಟ ನೀರು ಹೆಚ್ಚಾಗಿಯೇ ಕುಡಿದು ಹೊರಡಬೇಕು; ನೀರು ಕುಡಿದವರ ನರ ಬೇಗ ಸಿಗುತ್ತದೆ. ತೋಳು ಸಡಿಲವಾಗಿ ಮೇಲೇರುವ ರವಿಕೆ ಅಥವಾ ಚೂಡಿದಾರ ಹಾಕಿಕೊಳ್ಳಿ, ಬಳೆಗಳನ್ನು ಮನೆಯಲ್ಲೇ ಬಿಡಿ. ಬಿಪಿ, ಶುಗರಿನ ಮಾತ್ರೆಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜೊತೆಗೆ ಒಬ್ಬರು ಬೇಕು. ಕೇರಳದ ಆಸ್ಪತ್ರೆಗಳಲ್ಲಿ ಅವರಿಗೆ ಬೈಸ್ಟ್ಯಾಂಡರ್ ಎಂದೇ ಹೆಸರು. ನಿಮಗೆ ಮಲಯಾಳ ಬಾರದಿದ್ದರೆ ಮಲಯಾಳ ಬಲ್ಲವರನ್ನೇ ಕರೆದೊಯ್ಯಿರಿ. ಒಪ್ಪಿಗೆ ಪತ್ರ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಓದಿಸಿ ಅರ್ಥ ಕೇಳಿಯೇ ಸಹಿ ಹಾಕಿರಿ. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವವರಿಗೆ ಭಾಷೆಯ ತೊಡಕಿಲ್ಲ, ಆದರೆ ಇಲ್ಲಿಯ ಪರೀಕ್ಷೆಯ ಕಾಗದಗಳೆಲ್ಲ ಕೈಯಲ್ಲಿರಬೇಕು. ಇಲ್ಲದಿದ್ದರೆ ಅದೇ ರಕ್ತಪರೀಕ್ಷೆಗೆ ಇನ್ನೊಮ್ಮೆ ಹಣ ಕೊಡಬೇಕಾಗುತ್ತದೆ.

ಕುಳಿತ ಮೇಲೆ ಸಿಸ್ಟರ್ ಬಿಪಿ, ನಾಡಿ ನೋಡಿ ಕೈಯ ನರಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಕಬ್ಬಿಣ ಬಿಡುವ ಮೊದಲು ಬರಿಯ ಸಲೈನನ್ನು ಸ್ವಲ್ಪ ತಳ್ಳಿ, ಸೂಜಿ ನರದೊಳಗೇ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಬಳಿಕ ಔಷಧವನ್ನು ಸಲೈನ್ ಬಾಟಲಿಗೆ ಸೇರಿಸಿದಾಗ ಬಾಟಲಿಯೆಲ್ಲ ಕೊತ್ತಂಬರಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಕಾಗಿಲ್ಲ, ಅದು ಕಬ್ಬಿಣದ ಸಹಜ ಬಣ್ಣ. ಐರನ್ ಸುಕ್ರೋಸ್ 200 ಮಿಲಿಗ್ರಾಂ ಇಳಿಯಲು ಸುಮಾರು ಅರ್ಧ ಗಂಟೆ ಬೇಕು. ಎಫ್‌ಸಿಎಂ 1000 ಮಿಲಿಗ್ರಾಂಗೆ ಕಡಿಮೆಯೆಂದರೂ 15 ನಿಮಿಷ. ನಿಧಾನ ಮಾಡಿದರೆ ಒಳ್ಳೆಯದೇ. ಬಸ್ಸಿಗೆ ಹೊತ್ತಾಯಿತೆಂದು ಡ್ರಿಪ್ಪಿನ ಕೊಳವೆಯ ಚಕ್ರ ತಿರುಗಿಸಿ ವೇಗ ಹೆಚ್ಚಿಸುವ ಕೆಲಸವನ್ನು ನೀವಾಗಲಿ ನಿಮ್ಮ ಬೈಸ್ಟ್ಯಾಂಡರ್ ಆಗಲಿ ಮಾಡಕೂಡದು.

ಈಗ ನನ್ನ ಎಡಗೈಯ ಕತೆ. ಮೊದಲ ಸಲ ಮಲಯಾಳ ಬಲ್ಲ ಅತ್ತೆಯವರು ಕೆಳಗಿನ ಕ್ಯಾಂಟೀನಿಗೆ ಚಹಾ ಕುಡಿಯಲು ಇಳಿದಿದ್ದರು. ಡ್ರಿಪ್ ಆರಂಭವಾಗಿ ಐದಾರು ನಿಮಿಷವಾಗಿರಬಹುದು, ಸೂಜಿಯ ಸುತ್ತ ಮೆಣಸಿನ ಕೈ ತಾಗಿದಂತೆ ಸಣ್ಣಗೆ ಉರಿ ಆರಂಭವಾಯಿತು. ದಾಟಿ ಹೋಗುತ್ತಿದ್ದ ಸಿಸ್ಟರ್ ನಿಂತು ‘ವೇದನ ಉಂಡೋ ಚೇಚಿ?’ ಎಂದು ಕೇಳಿದರು. ಕನ್ನಡದಲ್ಲಿ ವೇದನೆಯೆಂದರೆ ಹೆರಿಗೆಯಂಥ ದೊಡ್ಡ ನೋವಲ್ಲವೇ; ಇಷ್ಟು ಸಣ್ಣ ಉರಿಯನ್ನು ವೇದನೆಯೆನ್ನಲು ನನಗೆ ನಾಚಿಕೆಯಾಗಿ ‘ಇಲ್ಲ’ ಎಂದೆ. ಎರಡು ಭಾಷೆಗಳಿಗೂ ಒಂದೇ ಆಗಿರುವ ಆ ಪದ ಅವರಿಗೆ ಸರಿಯಾಗಿಯೇ ಅರ್ಥವಾಯಿತು, ಅವರು ಹೋದರು. ಮಲಯಾಳದಲ್ಲಿ ಯಾವ ಸಣ್ಣ ನೋವಿಗೂ ವೇದನ ಎಂದೇ ಹೇಳುತ್ತಾರೆಂಬುದು ನನಗೆ ತಿಳಿದದ್ದು ಆಮೇಲೆ. ಅತ್ತೆಯವರು ಮೇಲೆ ಬರುವಷ್ಟರಲ್ಲಿ ಅಲ್ಲಿ ಲಿಂಬೆಹಣ್ಣಿನಷ್ಟು ಬಾವು ಬಂದಿತ್ತು. ಔಷಧ ನರದಿಂದ ಹೊರಬಂದು ಚರ್ಮದಡಿ ಸೇರಿತ್ತು. ಬಾವು ಎರಡೇ ದಿನದಲ್ಲಿ ಇಳಿಯಿತು, ಕಂದು ಕಲೆ ಉಳಿಯಿತು. ನೋಡಿದವರು ಗೇರುಬೀಜದ ಸೊನೆ ತಾಗಿತೇ ಎಂದು ಈಗಲೂ ಕೇಳುತ್ತಾರೆ. ಚರ್ಮದಡಿ ಸೇರಿದ ಕಬ್ಬಿಣದ ಕಲೆ ವರ್ಷಗಟ್ಟಲೆ ಇರುತ್ತದೆ, ಕೆಲವರಲ್ಲಿ ಹೋಗುವುದೇ ಇಲ್ಲ.

ಆದುದರಿಂದ ಉರಿ, ಸೆಳೆತ, ಬಾವು, ಬಿಗಿತ ಇವುಗಳಲ್ಲಿ ಯಾವುದು ತೋರಿದರೂ, ಎಷ್ಟೇ ಸಣ್ಣದಾಗಿದ್ದರೂ, ತಕ್ಷಣ ಹೇಳಿ ಡ್ರಿಪ್ ನಿಲ್ಲಿಸುವಂತೆ ಮಾಡಬೇಕು. ಸಿಸ್ಟರ್ ನಾಲ್ಕು ಹಾಸಿಗೆ ನೋಡುತ್ತಿರುತ್ತಾರೆ. ಆ ಕೈಯೊಳಗೆ ಏನಾಗುತ್ತಿದೆಯೆಂಬುದು ಮೊದಲು ತಿಳಿಯುವುದು ಕೈಯ ಒಡತಿಗೆ. ಮಲಯಾಳ ಬಾರದವರು ನಾಲ್ಕೈದು ಪದಗಳನ್ನಾದರೂ ಕಲಿತು ಹೋಗುವುದು ಒಳ್ಳೆಯದು: ಉರಿಗೆ ಪುಕಚ್ಚಿಲ್, ಊತಕ್ಕೆ ನೀರ್, ತುರಿಕೆಗೆ ಚೊರಿಚ್ಚಿಲ್, ತಲೆ ತಿರುಗುವುದಕ್ಕೆ ತಲಕರಕ್ಕಂ, ಎದೆ ನೋವಿಗೆ ನೆಂಜುವೇದನ, ಉಸಿರಾಟದ ಕಷ್ಟಕ್ಕೆ ಶ್ವಾಸಂಮುಟ್ಟಲ್. ‘ಇವಿಡೆ ಪುಕಯುನ್ನು’ (ಇಲ್ಲಿ ಉರಿಯುತ್ತಿದೆ) ಎಂದು ಬೆರಳು ತೋರಿಸಿದರೆ ಸಾಕು. ಅಂದಹಾಗೆ, ಓಪಿಯ ಗೋಡೆಯ ಮೇಲೆ ವಿಳರ್ಚ ಎಂದು ಕಂಡರೆ ಅದು ನಮ್ಮದೇ ಕಾಯಿಲೆ, ರಕ್ತಹೀನತೆ.

ಮೊದಲ ಹತ್ತು ಹದಿನೈದು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ದೇಹದ ಕಡೆ ಗಮನವಿಡಿ. ಬಾಯಿಯಲ್ಲಿ ತುಕ್ಕಿನ ರುಚಿ ಬರುವುದು, ತುಸು ವಾಕರಿಕೆ, ತಲೆನೋವು ಸಾಮಾನ್ಯ. ಕೆಲವರಿಗೆ ಮುಖ ಬಿಸಿಯಾಗಿ ಕೆಂಪೇರಿ, ಎದೆಯೋ ಬೆನ್ನೋ ಹಿಡಿದಂತಾಗುತ್ತದೆ. ಇದು ಹೆಚ್ಚಿನ ಸಲ ಅಲರ್ಜಿಯಲ್ಲ. ಡ್ರಿಪ್ ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ, ಆಮೇಲೆ ವೈದ್ಯರು ನೋಡಿ ವೇಗ ತಗ್ಗಿಸಿ ಮತ್ತೆ ಆರಂಭಿಸುವುದುಂಟು. ಮೈತುಂಬ ದದ್ದು, ತುಟಿ ನಾಲಿಗೆಯ ಬಾವು, ಉಬ್ಬಸ, ಕಣ್ಣು ಕತ್ತಲೆ ಬರುವುದು ಮಾತ್ರ ಬೇರೆಯೇ ಸಂಗತಿ. ಅದು ನಿಜವಾದ ಅಲರ್ಜಿ, ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ, ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅದಕ್ಕೆ ಮೊದಲ ಔಷಧ. ಎರಡರ ವ್ಯತ್ಯಾಸ ಕಂಡುಹಿಡಿಯುವುದು ನಿಮ್ಮ ಕೆಲಸವಲ್ಲ. ಕೂಗಿ ಕರೆಯುವುದಷ್ಟೇ ನಿಮ್ಮ ಕೆಲಸ.

ಬಾಟಲಿ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು. ಈ ಅರ್ಧ ಗಂಟೆಯನ್ನು ತಪ್ಪಿಸಲು ಎಲ್ಲರಿಗೂ ಒಂದು ಕಾರಣವಿರುತ್ತದೆ: ಹಟ್ಟಿಯಲ್ಲಿ ದನ ಕಾಯುತ್ತಿರುತ್ತದೆ, ಮಗು ಶಾಲೆಯಿಂದ ಬರುತ್ತದೆ, ಎರಡೂವರೆಯ ಬಸ್ ಬಿಟ್ಟರೆ ಮುಂದಿನದು ಐದಕ್ಕೆ. ಅದಕ್ಕೆ ಬೆಳಗ್ಗಿನ ಹೊತ್ತನ್ನೇ ಕೇಳಿ ಪಡೆಯುವುದು ಒಳ್ಳೆಯದು. ನನ್ನ ಎರಡನೆಯ ಡ್ರಿಪ್ ಹನ್ನೊಂದಕ್ಕೆ ಮುಗಿದು, ಹನ್ನೊಂದೂವರೆಗೆ ಬಿಪಿ ನೋಡಿ ಕ್ಯಾನುಲಾ ತೆಗೆದರು; ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ. ಆ ಬಾರಿ ಮೊದಲು ಚುಚ್ಚಿದ ಜಾಗದಲ್ಲಿ ಸಲೈನ್ ತಳ್ಳುವಾಗಲೇ ‘ಪುಕಚ್ಚಿಲ್’ ಎಂದೆ. ಸಿಸ್ಟರ್ ನಕ್ಕು, ಸೂಜಿ ತೆಗೆದು ಬಲಗೈಗೆ ಹಾಕಿದರು.

ಆ ದಿನ ಸ್ಕೂಟರ್ ಓಡಿಸಿಕೊಂಡು ಬರುವುದು ಬೇಡ. ಮರುದಿನವೋ ಮೂರನೆಯ ದಿನವೋ ಮೈಕೈ ನೋವು, ಗಂಟುನೋವು, ಸಣ್ಣ ಜ್ವರ ಬರಬಹುದು. ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಒಂದೆರಡು ದಿನಗಳಲ್ಲಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಉಸಿರಾಟದ ತೊಂದರೆ, ಮುಖದ ಬಾವು ಕಂಡರೆ ಆಸ್ಪತ್ರೆಗೆ ಹಿಂತಿರುಗಿ. ಕಬ್ಬಿಣದ ಮಾತ್ರೆ ಮನೆಯಲ್ಲಿ ಉಳಿದಿದೆಯೆಂದು ಅದನ್ನೂ ನುಂಗುತ್ತಿರಬಾರದು. ಕೊನೆಯ ಡ್ರಿಪ್ ಮುಗಿದು ಕಡಿಮೆಯೆಂದರೂ ಐದು ದಿನ ಕಳೆಯುವ ತನಕ ಮಾತ್ರೆ ಬೇಡ, ಆಮೇಲೂ ವೈದ್ಯರು ಹೇಳಿದರೆ ಮಾತ್ರ. ಮಾತ್ರೆ ನುಂಗುವವರ ಮಲ ಕಪ್ಪಾಗುವುದು ಎಲ್ಲರಿಗೂ ಗೊತ್ತು. ನರಕ್ಕೆ ಕೊಟ್ಟ ಕಬ್ಬಿಣದಿಂದ ಹಾಗಾಗುವುದಿಲ್ಲವಾದ್ದರಿಂದ, ಮಾತ್ರೆ ನಿಲ್ಲಿಸಿಯೂ ಮಲ ಡಾಂಬರಿನಂತೆ ಕಪ್ಪಗಿದ್ದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವವಾಗಿರಬಹುದು. ‘ಐರನ್ ಹಾಕಿಸಿಕೊಂಡದ್ದಲ್ಲವೇ’ ಎಂದು ಸುಮ್ಮನಿರಬೇಡಿ.

ಊಟದ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಹುರುಳಿ, ನುಗ್ಗೆಸೊಪ್ಪು, ಬಸಳೆ ತಿನ್ನುವುದು ಒಳ್ಳೆಯದು, ಜೊತೆಗೆ ನೆಲ್ಲಿಕಾಯಿ ಅಥವಾ ಲಿಂಬೆಯ ಹುಳಿ ಇದ್ದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಚಹಾ, ಕಾಫಿಯನ್ನು ಊಟಕ್ಕೆ ಅಂಟಿಸದೆ ಒಂದು ಗಂಟೆ ದೂರವಿಡಬೇಕು. ಆದರೆ ಆಹಾರದಿಂದ ದಿನಕ್ಕೆ ದೇಹ ಹೀರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಸಾವಿರ ಮಿಲಿಗ್ರಾಂನ ಕೊರತೆಯನ್ನು ಬಸಳೆ ತಿಂದು ತುಂಬಿಸುತ್ತೇನೆಂದು ಡ್ರಿಪ್ ಮುಂದೂಡುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಆಯಾಸ ಮರುದಿನವೇ ಹೋಗುವುದಿಲ್ಲ. ನನಗೆ ಬಾವಿಕಟ್ಟೆಯಿಂದ ಅಡುಗೆಮನೆಯ ಮೆಟ್ಟಿಲೇರುವಾಗ ಏದುಸಿರು ಬಾರದಿರುವುದು ಗಮನಕ್ಕೆ ಬಂದದ್ದು ಮೂರನೆಯ ವಾರದಲ್ಲಿ. ಹಿಮೋಗ್ಲೋಬಿನ್ನನ್ನು ನಾಲ್ಕು ವಾರಗಳ ಬಳಿಕ ನೋಡಿಸಿ. ಫೆರಿಟಿನ್ನನ್ನು ಅಷ್ಟು ಬೇಗ ನೋಡಿಸಿದರೆ ಆಗಷ್ಟೇ ಸುರಿದ ಕಬ್ಬಿಣದಿಂದ ಸಂಖ್ಯೆ ವಿಪರೀತ ಏರಿದ್ದು ಕಂಡು ಸುಮ್ಮನೆ ಗಾಬರಿಯಾಗುತ್ತದೆ, ಎಂಟು ವಾರ ಕಳೆಯಲಿ. ಹಿಮೋಗ್ಲೋಬಿನ್ ಏರದಿದ್ದರೆ ರಕ್ತ ಇನ್ನೂ ಸೋರುತ್ತಿರಬಹುದು, ಅಥವಾ ಬಿ12ರ ಕೊರತೆಯೂ ಜೊತೆಗಿರಬಹುದು. ಸಸ್ಯಾಹಾರಿಗಳ ಮನೆಗಳಲ್ಲಿ ಇದು ಹೊಸತಲ್ಲ. ಶುಗರ್ ಇರುವವರು ಇನ್ನೊಂದನ್ನು ಗಮನಿಸಬೇಕು: ಕಬ್ಬಿಣದ ಕೊರತೆಯಿರುವಾಗ, ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಸ್ವಲ್ಪ ಹೆಚ್ಚಾಗಿಯೂ ಡ್ರಿಪ್ ಆದ ಮೇಲೆ ಇಳಿದೂ ಕಾಣಬಹುದು, ಅದನ್ನು ಕಂಡು ಶುಗರಿನ ಮಾತ್ರೆ ಕಡಿಮೆ ಮಾಡಬಾರದು.

ಔಷಧದ ಹೆಸರು, ಪ್ರಮಾಣ, ತಾರೀಕು, ಯಾವ ಕೈ, ಏನಾಯಿತು ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಎರಡನೆಯ ಬಾರಿ ವೈದ್ಯರು ನನ್ನನ್ನು ಮೊದಲು ಕೇಳಿದ್ದು ಅದನ್ನೇ, ಹೋದ ಸಲ ಕೊಟ್ಟದ್ದು ಯಾವುದು ಎಂದು. ನನ್ನಲ್ಲಿ ಚೀಟಿಯಿರಲಿಲ್ಲ, ಕಲೆ ಮಾತ್ರ ಇತ್ತು.